ಯಾವ ಹಸಿರು?

ಸೂಲೂರಿನ ಮಗ್ಗಗಳಿಗೆ ಬಣ್ಣದ ಪರಿಚಯವಿಲ್ಲ. ಕೊಯಮತ್ತೂರಿನಿಂದ ತಿರುಚ್ಚಿ ರಸ್ತೆ ಹಿಡಿದು ಪೂರ್ವಕ್ಕೆ ಬಂದರೆ ಸಿಗುವ ನಮ್ಮೂರಿನಲ್ಲಿ, ಆಚೆಗಿನ ಸೋಮನೂರು, ಪಲ್ಲಡಂಗಳಲ್ಲಿ ಪವರ್‌ಲೂಮುಗಳು ಹಗಲೂ ರಾತ್ರಿ ಬಡಿದುಕೊಂಡು ನೇಯುವುದು ಕಾಡಾ ಬಟ್ಟೆಯನ್ನು. ಬಣ್ಣವನ್ನೂ ಕಾಣದ, ಬ್ಲೀಚನ್ನೂ ಕಾಣದ, ಮೈತುಂಬ ಗಂಜಿ ಮೆತ್ತಿಕೊಂಡ ಥಾನುಗಳು. ಅವು ಲಾರಿ ಹತ್ತಿ ಹೋಗಿ ಬೇರೆಲ್ಲೋ ಬಣ್ಣ ಹಚ್ಚಿಸಿಕೊಳ್ಳುತ್ತವೆ. ಅಲಂಕಾರ ಮುಗಿದ ಮೇಲೆ ಒಂದಾದರೂ ಹುಟ್ಟಿದೂರಿನ ಕಡೆ ತಿರುಗಿ ನೋಡಿದ್ದಿಲ್ಲ.

ನಾನು ಈ ಊರಿಗೆ ಸೊಸೆಯಾಗಿ ಬಂದದ್ದು ದೊಡ್ಡಬಳ್ಳಾಪುರದಿಂದ. ಅಲ್ಲೂ ಮಗ್ಗದ ಸದ್ದೇ, ಅಲ್ಲೂ ನಮ್ಮ ದೇವಾಂಗ ನೇಕಾರರೇ, ಮನೆಯಲ್ಲಿ ಆಡುವ ಮಾತೂ ಕನ್ನಡವೇ. ಸೂಲೂರಿನ ಕನ್ನಡಕ್ಕೆ ತಮಿಳಿನ ಒಗ್ಗರಣೆ ಒಂದು ಚಮಚ ಜಾಸ್ತಿ, ಅಷ್ಟೆ. ಆದರೆ ದೊಡ್ಡಬಳ್ಳಾಪುರದಲ್ಲಿ ನೇಯುವುದು ಸೀರೆ. ಬದನೆಕಾಯಿ ಬಣ್ಣ, ಈರುಳ್ಳಿ ಸಿಪ್ಪೆ ಬಣ್ಣ, ಅರಗಿನ ಕೆಂಪು, ಗಿಣಿ ಹಸಿರು ಇವುಗಳ ನಡುವೆ ಬೆಳೆದವಳು ನಾನು. ಇಲ್ಲಿ ಬಂದು ಮಾವನವರ ಶೆಡ್ಡಿಗೆ ಕಾಲಿಟ್ಟರೆ ಕೋನಿನ ಮೇಲೆ ಕೋನು, ಎಲ್ಲವೂ ಬಿಳಿ.

ಆ ಬಿಳುಪನ್ನು ತಾಳಲಾರದೆ ಕ್ರೋಶಾ ಕಡ್ಡಿ ಹಿಡಿದೆ ಎಂದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ನನಗೆ ಕಡ್ಡಿ ಹಿಡಿಸಿದವರು ಕರುಣಾನಿಧಿ. 2006ರಲ್ಲಿ ಅವರ ಸರ್ಕಾರ ಬಣ್ಣದ ಟಿವಿ ಹಂಚಲು ಶುರುಮಾಡಿತು. ಬೀದಿ ಬೀದಿಯಲ್ಲಿ ಪೆಟ್ಟಿಗೆಗಳು ಇಳಿದವು. ಟಿವಿ ಬಂದ ಮೇಲೆ ಅದರ ತಲೆಯ ಮೇಲೊಂದು ಕವರ್ ಬೇಡವೇ? ಅಂಚಿನ ಬಳ್ಳಿ ಪರದೆಯ ಮೇಲೆ ಒಂದಿಷ್ಟು ಇಳಿಬಿದ್ದು, ವಾರ್ತೆ ಓದುವವಳ ಹಣೆ ಮುಚ್ಚುವಷ್ಟು ಉದ್ದ ಇರಬೇಕು. ಆಗಲೇ ಮರ್ಯಾದೆ.

ಕವರಿಗೆ ಯಾವ ಬಣ್ಣ? ತಮಿಳುನಾಡಿನಲ್ಲಿ ಇದು ಸುಲಭದ ಪ್ರಶ್ನೆಯಲ್ಲ. ಕಪ್ಪು ಕೆಂಪು ಹಾಕಿದರೆ ಒಂದು ಪಕ್ಷ, ನಡುವೆ ಬಿಳಿ ಸೇರಿಸಿದರೆ ಇನ್ನೊಂದು ಪಕ್ಷ. ಬರೀ ಹಳದಿ ಎಂದರೆ ಕರುಣಾನಿಧಿಯವರ ಹೆಗಲ ಶಾಲು. ಹಸಿರೆಂದರೆ ಜಯಲಲಿತಾ ಅವರ ಸೀರೆ. ಬರೀ ಕೆಂಪಿಗೆ ಗಿರಣಿ ಕಾರ್ಮಿಕರ ಸಂಘವಿದೆ. ಕೇಸರಿಯ ಮಾತು ಎತ್ತುವುದೇ ಬೇಡ. ಯಾರ ವೋಟಿಗೂ ಸೇರದ ಬಣ್ಣ ಹುಡುಕುತ್ತ ಹುಡುಕುತ್ತ ಮನೆಯವರೆಲ್ಲ ಸೇರಿ ಒಮ್ಮತಕ್ಕೆ ಬಂದದ್ದು ಕೆನೆ ಬಣ್ಣಕ್ಕೆ. ಅಂದರೆ ಕಾಡಾ ಬಣ್ಣಕ್ಕೆ. ಶೆಡ್ಡಿನಿಂದ ಒಂದು ಕೋನು ಎತ್ತಿಕೊಟ್ಟು ಮಾವನವರು, ‘ಇದಕ್ಕೆ ಯಾಕೆ ಇಷ್ಟು ಚರ್ಚೆ ಅಮ್ಮಣಿ?’ ಎಂದು ಕೇಳಿದರು.

ಕವರ್ ನಿಧಾನವಾಗಿ ಬೆಳೆಯಿತು. ಎಷ್ಟು ನಿಧಾನವಾಗಿ ಎಂದರೆ, ಅದು ಮೂರು ಮೂಲೆ ಕಾಣುವಷ್ಟರಲ್ಲಿ ಸರ್ಕಾರ ಬದಲಾಯಿತು. 2011ರ ಸೆಪ್ಟೆಂಬರಿನಿಂದ ಜಯಲಲಿತಾ ಅವರ ಸರ್ಕಾರ ಮಿಕ್ಸಿ, ಗ್ರೈಂಡರು, ಫ್ಯಾನು ಹಂಚತೊಡಗಿತು. ಅಷ್ಟರಲ್ಲಿ ಟಿವಿಗಳೂ ತೆಳ್ಳಗಾಗಿ ಗೋಡೆ ಹತ್ತುವ ಕಾಲ ಬಂದಿತ್ತು. ತಲೆಯೇ ಇಲ್ಲದ ಟಿವಿಗೆ ಕವರು ಹಾಕುವುದೆಲ್ಲಿ? ಇದ್ದಷ್ಟನ್ನು ಮಡಚಿ, ಎರಡು ಅಂಚು ಜೋಡಿಸಿ, ಮಿಕ್ಸಿಯ ಮೇಲೆ ಇಳಿಸಿದೆ. ಕರುಣಾನಿಧಿಯವರ ಟಿವಿಗೆಂದು ಎತ್ತಿದ ಚೈನು ಜಯಲಲಿತಾ ಅವರ ಮಿಕ್ಸಿಯ ಮೇಲೆ ಮುಗಿಯಿತು. ಎರಡೂ ಕಡೆಯವರನ್ನು ಒಂದೇ ದಾರದಲ್ಲಿ ಕಟ್ಟಿಹಾಕಿದ ಹೆಂಗಸು ಇಡೀ ಕೊಂಗುನಾಡಿನಲ್ಲಿ ನಾನೊಬ್ಬಳೇ ಇರಬೇಕು. 2023ರಲ್ಲಿ ಸರ್ಕಾರ ಹೆಂಗಸರ ಖಾತೆಗೆ ತಿಂಗಳಿಗೆ 1000 ರೂಪಾಯಿ ಹಾಕತೊಡಗಿತು. ಯೋಜನೆ ಒಳ್ಳೆಯದೇ. ಆದರೆ ಖಾತೆಗೆ ಯಾರು ಕವರು ಹೆಣೆಯುತ್ತಾರೆ?

ಸಾಮಾನ್ಯ ಜನ ಕ್ರೋಶಾ ಎಂದರೆ ಹೆಣೆಯುವುದು ಎಂದುಕೊಂಡಿದ್ದಾರೆ. ಹೆಣೆಯುವುದು ಕೈಯ ಕೆಲಸ. ಟಿವಿ ನೋಡುತ್ತಲೂ ನಡೆಯುತ್ತದೆ, ನಾದಿನಿಯ ದೂರು ಕೇಳುತ್ತಲೂ ನಡೆಯುತ್ತದೆ. ಬೆವರು ಹರಿಯುವುದು ಬಣ್ಣ ಆರಿಸುವಾಗ. ಕೊಯಮತ್ತೂರಿನ ಟೌನ್‌ಹಾಲ್ ಸುತ್ತಿನ ಬೀದಿಗಳಲ್ಲಿ ನೂಲಿನ ಉಂಡೆ ಮಾರುವ ಅಂಗಡಿಗಳಿವೆ. ಅಲ್ಲಿ ಬಣ್ಣಕ್ಕೆ ಹೆಸರಿಲ್ಲ, ನಂಬರಿದೆ. ಹೆಸರಿಡುವುದು ನಮಗೆ ಬಿಟ್ಟ ವಿಚಾರ. ಅತ್ತೆಯ ಕಣ್ಣಿಗೆ ಹಸಿರಿನಲ್ಲೇ ಒಂದು ದೊಡ್ಡ ಕುಟುಂಬ ಕಾಣುತ್ತದೆ: ಗಿಣಿ ಹಸಿರು, ಎಲೆ ಹಸಿರು, ಬಾಟಲ್ ಹಸಿರು, ಪಾಚಿ ಹಸಿರು, ರಾಮಾ ಹಸಿರು. ನನ್ನ ಗಂಡನಿಗೆ ಹಸಿರು ಒಂದೇ. ಅವರಿಗೆ ಗೊತ್ತಿರುವ ಏಕೈಕ ಹೆಸರಾಂತ ಬಣ್ಣ ಎಂ.ಎಸ್. ಬ್ಲೂ, ಅದೂ ಎಂ.ಎಸ್. ಸುಬ್ಬುಲಕ್ಷ್ಮಿಯವರ ಹಾಡು ಇಷ್ಟ ಎಂಬ ಕಾರಣಕ್ಕೆ. ಯಾವ ಉಂಡೆ ತೋರಿಸಿದರೂ, ‘ಎಂ.ಎಸ್. ಬ್ಲೂ ಹತ್ರ ಹತ್ರ ಇದೆ’ ಎನ್ನುತ್ತಾರೆ. ಒಮ್ಮೆ ಕಿತ್ತಳೆಗೂ ಹಾಗೇ ಅಂದರು. ಆಗ ಕಣ್ಣು ಪೇಪರಿನಲ್ಲಿತ್ತು.

ಅತ್ತೆಯ ಬಹುಕಾಲದ ಬೇಡಿಕೆ ನವಿಲುಗತ್ತಿನ ಬಣ್ಣ. ‘ದಿಂಬಿನ ಕವರಿಗೆ ನವಿಲುಗತ್ತು ಹಾಕು ಕಣ್ಣು’ ಎನ್ನುತ್ತಾರೆ. ಮಗ್ಗದಲ್ಲಿ ಅದು ಆಗುವ ಮಾತು: ಹಾಸು ನೀಲಿ, ಹೊಕ್ಕು ಹಸಿರು, ಸೆರಗು ಅಲುಗಿದರೆ ಒಂದು ಕಡೆಯಿಂದ ಇದು, ಇನ್ನೊಂದು ಕಡೆಯಿಂದ ಅದು. ಕ್ರೋಶಾದಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ಎಳೆ, ತನ್ನ ಕುಣಿಕೆಯಿಂದ ತಾನೇ ಮತ್ತೊಂದು ಕುಣಿಕೆ ಎಳೆದುಕೊಂಡು ಮುಂದೆ ಹೋಗುತ್ತದೆ. ಎರಡು ಬಣ್ಣದ ಎಳೆ ಜೋಡಿಸಿ ಹಿಡಿದು ಹೆಣೆದು ತೋರಿಸಿದೆ. ಮಿಂಚು ಬರಲಿಲ್ಲ, ಚುಕ್ಕೆ ಬಂತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ‘ನವಿಲಿಗೆ ಮೈ ಸರಿಯಿಲ್ಲ’ ಎಂದು ಷರಾ ಬರೆದರು.

ಮನೆಯಲ್ಲಿ ಬಣ್ಣದ ವಿಷಯಕ್ಕೆ ಅಧಿಕಾರವಾಣಿಯಿಂದ ಮಾತಾಡುವ ಇನ್ನೊಬ್ಬನಿದ್ದಾನೆ. ನಾದಿನಿಯ ಮಗ, ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಮರ್ಚಂಡೈಸರು. ಅಲ್ಲಿ ಹೆಣೆಯುವುದು ಟೀ ಶರ್ಟುಗಳೇ ಆದರೂ, ಅಮೆರಿಕ ಯುರೋಪಿಗೆ ಹಡಗಿನಲ್ಲೇ ಹೋದರೂ ಊರವರ ಬಾಯಲ್ಲಿ ಅದು ಬನಿಯನ್ ಕಂಪನಿಯೇ. ನಾನು ಒಂದೇ ನಂಬರಿನ ಮೆರೂನ್ ಉಂಡೆಗಳನ್ನು ಬೇರೆ ಬೇರೆ ಸಲ ತಂದಿದ್ದೆ. ‘ಸಾಯಂ ಪೋಗಾದುಂಗ ಅಮ್ಮಣಿ’ ಎಂದು ಅಂಗಡಿಯವರು ಆಣೆ ಮಾಡಿದ್ದರು. ಸಾಯ, ಅಂದರೆ ಬಣ್ಣ, ಹೋಗಲಿಲ್ಲ, ನಿಜ. ಆದರೆ ಹೆಣಿಗೆಯ ನಟ್ಟನಡುವೆ ಒಂದು ಗೆರೆ ಎದ್ದಿತು, ಮೇಲಿನ ಸಾಲುಗಳದು ಒಂದು ಮೆರೂನ್, ಕೆಳಗಿನದು ಇನ್ನೊಂದು. ‘ಲಾಟ್ ನಂಬರ್ ನೋಡಲಿಲ್ವಾ ಅತ್ತೆ?’ ಎಂದು ಹುಡುಗ ಮರುಕದಿಂದ ನೋಡಿದ. ಬಣ್ಣದ ಬಾಣಲೆ ಬೇರೆಯಾದರೆ ಬಣ್ಣವೂ ಬೇರೆ. ಸೂತ್ರ ಒಂದೇ ಇದ್ದರೂ ನೀರು, ಉಪ್ಪು, ಬಿಸಿ ಒಂದಿಷ್ಟು ಆಚೀಚೆಯಾಗುತ್ತದೆ. ಅದಕ್ಕೇ ಉಂಡೆಯ ಚೀಟಿಯಲ್ಲಿ ಶೇಡಿನ ನಂಬರಿನ ಪಕ್ಕ ಲಾಟಿನ ನಂಬರು ಇರುತ್ತದೆ, ಕನ್ನಡಕ ಬೇಡುವಷ್ಟು ಸಣ್ಣ ಅಕ್ಷರದಲ್ಲಿ.

ಒಂದು ಶನಿವಾರ ಆ ಉಂಡೆಗಳ ಸಮೇತ ನನ್ನನ್ನು ಅವನ ಕಂಪನಿಗೆ ಕರೆದುಕೊಂಡು ಹೋದ. ಅಲ್ಲಿ ಕತ್ತಲ ಕೋಣೆಯಲ್ಲಿ ಬೂದು ಬಣ್ಣದ ಒಂದು ಪೆಟ್ಟಿಗೆ. ಒಳಗೆ ಹಲವು ದೀಪಗಳು, ಪ್ರತಿ ದೀಪಕ್ಕೂ ಒಂದು ಗುಂಡಿ. ಡಿ65 ಒತ್ತಿದರೆ ಹಗಲು ಬೆಳಕು, ಟಿಎಲ್84 ಒತ್ತಿದರೆ ಯುರೋಪಿನ ಅಂಗಡಿಯ ಬೆಳಕು, ಇನ್ನೊಂದಕ್ಕೆ ಮನೆಯ ಬಲ್ಬಿನ ಬೆಳಕು. ನನ್ನ ಎರಡು ಮೆರೂನ್ ಉಂಡೆಗಳನ್ನು ಪಕ್ಕಪಕ್ಕ ಇಟ್ಟ. ಅಂಗಡಿಯ ಬೆಳಕಿನಲ್ಲಿ ಅವಳಿಜವಳಿ. ಹಗಲಿನ ಗುಂಡಿ ಒತ್ತಿದ್ದೇ ತಡ, ಒಂದು ಕಂದಿನ ಕಡೆ ವಾಲಿತು, ಇನ್ನೊಂದು ನೇರಳೆಯ ಕಡೆ. ‘ಮೆಟಮೆರಿಸಂ’ ಎಂದ. ಸೀರೆ ಅಂಗಡಿಯಲ್ಲಿ ರವಿಕೆ ಕಣ ಹಿಡಿದು ಬಾಗಿಲಿಗೆ ಓಡುವ ಹೆಂಗಸರಿಗೆ ಈ ಪೆಟ್ಟಿಗೆಯ ವಿದ್ಯೆ ಯಾವ ಕಾಲದಿಂದ ಗೊತ್ತು! ಅವರಿಗೆ ಗುಂಡಿಗಳಿಲ್ಲ, ಹೊಸ್ತಿಲಿದೆ.

ಅಂದು ನನಗೆ ನಿಜವಾದ ಸಮಾಧಾನ ಕೊಟ್ಟದ್ದು ಅವನ ಮೇಜಿನ ಮೇಲಿದ್ದ ಒಂದು ಕಡತ. ದೂರದ ದೇಶದ ಬೈಯರ್ ಪ್ಯಾಂಟೋನ್ ಪುಸ್ತಕದಿಂದ ಒಂದು ನಂಬರು ಕಳಿಸುತ್ತಾನೆ. ಇವರು ಆ ಬಣ್ಣಕ್ಕೆ ಅಂಗೈಯಗಲದ ಬಟ್ಟೆ ತುಂಡುಗಳನ್ನು ಅದ್ದಿ, ಎ, ಬಿ, ಸಿ ಎಂದು ಗುರುತು ಹಾಕಿ ಕಳಿಸಬೇಕು. ಅದಕ್ಕೆ ಲ್ಯಾಬ್ ಡಿಪ್ ಎನ್ನುತ್ತಾರೆ. ಅಲ್ಲಿಂದ ಉತ್ತರ ಬರುತ್ತದೆ: ಎ ಸ್ವಲ್ಪ ಕೆಂಪು ಜಾಸ್ತಿ, ಬಿ ಮಂಕು, ಸಿ ಪರವಾಗಿಲ್ಲ, ಆದರೂ ರೀಸಬ್ಮಿಟ್. ಮತ್ತೆ ಅದ್ದು, ಮತ್ತೆ ಕಳಿಸು. ಯಂತ್ರಗಳು ಕಾಯುತ್ತವೆ, ಹಡಗಿನ ತಾರೀಖು ಹತ್ತಿರ ಬರುತ್ತದೆ, ಬೈಯರ್ ಮಾತ್ರ ಬಟ್ಟೆ ತುಂಡನ್ನು ಕಿಟಕಿಗೆ ಹಿಡಿದು ನಿಂತಿರುತ್ತಾನೆ. ಓಹೋ, ಲೋಕದ ವ್ಯಾಪಾರವೆಲ್ಲ ನನ್ನ ಹಾಗೇ ನಡೆಯುತ್ತಿದೆ! ನನ್ನದನ್ನು ಮನೆಯವರು ಚಪಲ ಎನ್ನುತ್ತಾರೆ, ಅವನದಕ್ಕೆ ಸಂಬಳ ಕೊಡುತ್ತಾರೆ. ಮನೆಗೆ ಬಂದವಳೇ ಲ್ಯಾಬ್ ಡಿಪ್ ಪದ್ಧತಿ ಜಾರಿಗೆ ತಂದೆ. ಪ್ರತಿ ಹೊಸ ಕೆಲಸಕ್ಕೂ ನಾಲ್ಕು ಬೆರಳಗಲದ ತುಂಡು ಹೆಣೆದು ಅತ್ತೆಯ ಮುಂದಿಡುವುದು. ಅತ್ತೆಗೆ ರೀಸಬ್ಮಿಟ್ ಎಂಬ ಪದ ಬಹಳ ಹಿಡಿಸಿತು. ಸಾರಿನ ಉಪ್ಪಿಗೂ ಅದನ್ನೇ ಬಳಸುತ್ತಾರೆ.

ಬಣ್ಣದ ಸಂಗತಿ ತಿರುಪ್ಪೂರಿನಲ್ಲಿ ಬರೀ ನಗೆಯದಾಗಿ ಉಳಿದಿಲ್ಲ, ಅದನ್ನೂ ಹೇಳಬೇಕು. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್ ಹೊಳೆ ಕೊಯಮತ್ತೂರು, ಸೂಲೂರು, ತಿರುಪ್ಪೂರು ದಾಟಿ ಕಾವೇರಿ ಸೇರುತ್ತದೆ. ಹತ್ತಿಗೆ ಬಣ್ಣ ಹಿಡಿಯಬೇಕಾದರೆ ಬಾಣಲೆಗೆ ಉಪ್ಪು ಸುರಿಯಬೇಕು. ಬಣ್ಣ ಬಟ್ಟೆಗೆ, ಉಪ್ಪು ಹೊಳೆಗೆ. ತಿರುಪ್ಪೂರಿನ ಕೆಳಗೆ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಸಾಯದ ನೀರೇ ನಿಂತು ರೈತರ ಬಾವಿ ಕೆಟ್ಟವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು 700ಕ್ಕೂ ಹೆಚ್ಚು ಸಾಯಪಟ್ಟರೆಗಳನ್ನು, ಅಂದರೆ ಬಣ್ಣ ಹಾಕುವ ಘಟಕಗಳನ್ನು, ಮುಚ್ಚಿಸಿತು. ಕೊಳೆ ನೀರಿನ ಒಂದು ಹನಿಯೂ ಹೊರಗೆ ಹೋಗಕೂಡದು ಎಂಬ ಕಟ್ಟಳೆಯ ಮೇಲೆ ಆಮೇಲೆ ತೆರೆದರು. ಈಗ ನೀರನ್ನೂ ಉಪ್ಪನ್ನೂ ಹಿಂದಕ್ಕೆ ತೆಗೆದು ಮತ್ತೆ ಬಳಸುತ್ತಾರೆ. ಅದನ್ನೆಲ್ಲ ಕೇಳಿದ ಮೇಲೆ ಅಂಗಡಿಯಲ್ಲಿ ಗಾಢ ಬಣ್ಣದ ಉಂಡೆಗೆ ಕೈ ಹಾಕುವಾಗ ಒಂದು ಗಳಿಗೆ ತಡವರಿಸುತ್ತೇನೆ. ತಡವರಿಸಿ, ತೆಗೆದುಕೊಳ್ಳುತ್ತೇನೆ. ಅದರ ಜೊತೆಗೆ ಪ್ರಾಯಶ್ಚಿತ್ತಕ್ಕೆ ಬನಿಯನ್ ಕತ್ತರಿಕೆಯ ಚೂರುಗಳನ್ನೂ ತರಿಸಿಕೊಳ್ಳುತ್ತೇನೆ. ಅಡ್ಡಕ್ಕೆ ಪಟ್ಟಿ ಕತ್ತರಿಸಿ ಒಮ್ಮೆ ಜಗ್ಗಿದರೆ ಅಂಚು ತಾನೇ ಒಳಕ್ಕೆ ಸುರುಳಿ ಸುತ್ತಿಕೊಂಡು ದಪ್ಪ ದಾರವಾಗಿಬಿಡುತ್ತದೆ. ಹೆಬ್ಬೆರಳು ಗಾತ್ರದ ಕಡ್ಡಿಯಲ್ಲಿ ಹೆಣೆದರೆ ಕಾಲೊರೆಸು. ಅದಕ್ಕೆ ಬಣ್ಣ ಆರಿಸುವ ತಾಪತ್ರಯವಿಲ್ಲ, ಯುರೋಪಿನವರು ಮೊದಲೇ ಆರಿಸಿಟ್ಟಿರುತ್ತಾರೆ.

ಇನ್ನು ಕೆಲಸ ಎಲ್ಲಿಯವರೆಗೆ ಬಂತು ಎಂಬ ಪ್ರಶ್ನೆ. ಮಗ್ಗದ ಮನೆಯಲ್ಲಿ ಇದನ್ನು ಕೇಳಿಸಿಕೊಳ್ಳುವುದು ಕಷ್ಟ. ಇಲ್ಲಿ ಕೂಲಿ, ಜಗಳ, ಮುಷ್ಕರ ಎಲ್ಲವೂ ಮೀಟರಿನ ಲೆಕ್ಕ. ಮಾವ ಸಂಜೆ ಶೆಡ್ಡಿನಿಂದ ಬಂದು, ‘ಇವತ್ತು ಎಷ್ಟು ಮೀಟರಾಯ್ತು ಅಮ್ಮಣಿ?’ ಎನ್ನುತ್ತಾರೆ. ನಾನು ಬೆರಳಗಲ ತೋರಿಸುತ್ತೇನೆ. ಹುಡುಗನದು ಇನ್ನೂ ಕೆಟ್ಟ ಲೆಕ್ಕ: 30 ಇಂಚಿನ ವೃತ್ತಾಕಾರದ ಹೆಣಿಗೆ ಯಂತ್ರಕ್ಕೆ 90 ಕಡೆಯಿಂದ ನೂಲು ಊಡುತ್ತಾರಂತೆ, ಅದು ಒಮ್ಮೆ ತಿರುಗಿದರೆ 90 ಸಾಲು. ಕ್ರೋಶಾ ಹಾಕುವ ಯಂತ್ರ ಯಾವ ಕಾರ್ಖಾನೆಗೂ ಬಂದಿಲ್ಲ, ಲೋಕದಲ್ಲಿ ಎಲ್ಲೇ ಕ್ರೋಶಾ ಕಂಡರೂ ಅದರ ಹಿಂದೆ ಎರಡು ಕೈ ಇದ್ದೇ ಇರುತ್ತವೆ ಎಂದು ನಾನು ಎದೆಯುಬ್ಬಿಸಿದರೆ, ‘ನಮ್ಮ ಕಡೆ ಕ್ರೋಶೆ ಮಷಿನ್ ಇದೆಯಲ್ಲ’ ಎಂದ. ಇದೆ. ಆದರೆ ಅದರ ಹೆಣಿಗೆಯ ಜಾತಿಯೇ ಬೇರೆ, ಹೆಸರು ಮಾತ್ರ ನಮ್ಮದು. ಅದರಲ್ಲಿ ತಯಾರಾಗುವುದು ಚಡ್ಡಿಯ ಎಲಾಸ್ಟಿಕ್ಕು.

ಅಡ್ಡಿಗಳೂ ಸಾಮಾನ್ಯವಲ್ಲ. ಸೂಲೂರಿನಲ್ಲಿ ವಾಯುಪಡೆಯ ನೆಲೆ ಇದೆ. 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೊದಲ ತೇಜಸ್ ಪಡೆ 2018ರಲ್ಲಿ ಇಲ್ಲಿಗೆ ಬಂತು, 2020ರಲ್ಲಿ ಎರಡನೆಯದೂ ಇಲ್ಲೇ ಕಣ್ಣುಬಿಟ್ಟಿತು. ‘ನೂರಾ ಹದಿನೇಳು, ನೂರಾ ಹದಿನೆಂಟು’ ಎಂದು ಚೈನು ಎಣಿಸುತ್ತಿರುವಾಗಲೇ ತಲೆಯ ಮೇಲೆ ಆಕಾಶ ಹರಿಯುತ್ತದೆ. ಸದ್ದು ಇಳಿದಾಗ ಕೈಯಲ್ಲಿ ದಾರವಿರುತ್ತದೆ, ತಲೆಯಲ್ಲಿ ಸಂಖ್ಯೆ ಇರುವುದಿಲ್ಲ. ಬೆಂಗಳೂರಿನಲ್ಲಿ ತಯಾರಾದ ವಿಮಾನ ಇಷ್ಟು ದೂರ ಬಂದು ಒಬ್ಬ ಕನ್ನಡತಿಯ ಲೆಕ್ಕವನ್ನೇ ಕೆಡಿಸಬೇಕೆ?

ಇಷ್ಟರ ನಡುವೆ 2016ರ ಜನವರಿ 31ರಂದು ಚೆನ್ನೈನಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಹೆಂಗಸರ ಗುಂಪು 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಬರೆಯಿತು. ನಾನು ಹೆಮ್ಮೆಯಿಂದ ಸುದ್ದಿ ಓದಿ ಹೇಳಿದೆ. ಮಾವ ಮನಸ್ಸಿನಲ್ಲೇ ಗುಣಿಸಿ, ‘ಎರಡೂಮುಕ್ಕಾಲು ಎಕರೆ. 25 ಅಡಿಗೊಂದು ಹಾಕಿದರೆ ನೂರಾ ತೊಂಬತ್ತು ತೆಂಗು ಕೂರುತ್ತೆ’ ಎಂದು ನಿಟ್ಟುಸಿರಿಟ್ಟರು.

ಈಗ ಕೈಯಲ್ಲಿರುವುದು ಚೌಡೇಶ್ವರಿ ಅಮ್ಮನ ಗುಡಿಗೆ ಒಂದು ಬಾಗಿಲ ತೋರಣ. ಇದರಲ್ಲಾದರೂ ಬಣ್ಣದ ತಕರಾರು ಇರಲಾರದು ಎಂದು ಒಪ್ಪಿಕೊಂಡೆ. ನಮ್ಮವರು ಹೇಳಿಕೊಂಡು ಬಂದ ಕಥೆಯಲ್ಲಿ ಬಣ್ಣಗಳು ಐದೇ. ದೇವಲ ಮಹರ್ಷಿ ವಿಷ್ಣುವಿನ ನಾಭಿಯಿಂದ ನೂಲು ತಂದು ದೇವತೆಗಳಿಗೆ ಬಟ್ಟೆ ನೇಯಲು ಹೊರಟ. ದಾರಿಯಲ್ಲಿ ಅಸುರರು ಅಡ್ಡಗಟ್ಟಿದರು. ಅಮ್ಮ ಬಂದು ಅವರನ್ನು ತರಿದಳು. ಬಿಳಿ, ಕಪ್ಪು, ಕೆಂಪು, ಹಸಿರು, ಹಳದಿಯಾಗಿ ಹರಿದ ಅವರ ರಕ್ತದಲ್ಲಿ ಋಷಿ ತನ್ನ ನೂಲನ್ನು ಅದ್ದಿಕೊಂಡ. ಮೊದಲ ಸಾಯಪಟ್ಟರೆ ಅದೇ ಇರಬೇಕು. ಲಾಟು ಬದಲಾಗುವ ಭಯವೂ ಇಲ್ಲ.

ನಾಲ್ಕು ಬಣ್ಣ ಸಲೀಸಾಗಿ ಮುಗಿದವು. ಐದನೆಯದಕ್ಕೆ ಉಂಡೆ ತೆಗೆಯುವಾಗ ಅತ್ತೆ ಕೇಳಿದರು, ‘ಯಾವ ಹಸಿರು?’

ವೀಳ್ಯದೆಲೆಯದು ಎಂದರು ಮಾವ. ಹಸಿರು ಅಂದರೆ ಹಸಿರು ಎಂದರು ನನ್ನ ಗಂಡ. ಅತ್ತೆಯ ಪ್ರಕಾರ ಅಸುರ ಎಂದ ಮೇಲೆ ಬಾಟಲ್ ಹಸಿರೇ. ಗಿಣಿ ಹಸಿರಿನ ರಕ್ತ ಇದ್ದವನು ಯಾರಿಗೂ ಅಡ್ಡಗಟ್ಟುವ ಪೈಕಿಯಲ್ಲ. ಹುಡುಗ ಫೋನು ತೆಗೆದು, ‘ಅಜ್ಜಿ, ಅಸುರನ ಪ್ಯಾಂಟೋನ್ ನಂಬರ್ ಹೇಳಿ, ಡಿಪ್ ಹಾಕಿಸ್ತೀನಿ’ ಎಂದ.

‘ಕಣ್ಣಾರೆ ನೋಡಿದವಳು ಅಮ್ಮ ಒಬ್ಬಳೇ. ಶುಕ್ರವಾರ ಎರಡೂ ಉಂಡೆ ಅಮ್ಮನ ಮುಂದಿಟ್ಟು ಹೂ ಕೇಳೋಣ. ಬಲಕ್ಕೆ ಬಿದ್ದರೆ ಬಾಟಲು, ಎಡಕ್ಕೆ ಬಿದ್ದರೆ ಗಿಣಿ.’

‘ಹೂವೇ ಬೀಳದೆ ಹೋದರೆ?’

‘ರೀಸಬ್ಮಿಟ್’ ಎಂದರು ಅತ್ತೆ.