ಬೆನ್ನಿಗೆ ಸೆರಗು, ಕಾಲಿಗೆ ಜೀನ್ಸು

ಅತ್ತಿಬೆಲೆಯ ಕಡೆ ಹೊಸದಾಗಿ ಎದ್ದ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಬ್ಲಾಕಿನವರಿಗೆ ವಾಚ್‌ಮನ್ ಇಟ್ಟ ಹೆಸರು ಕಸೂತಿ ಮೇಡಂ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಅಲ್ಲಿಯ ಬಾಡಿಗೆಗೆ ಹೆದರಿ ಚಂದಾಪುರ ದಾಟಿ ಗಡಿಯ ತನಕ ಸರಿದು ಬಂದ ಸಂಸಾರ. ಕಾಲಲ್ಲಿ ಮಾಸಿದ ನೀಲಿ ಜೀನ್ಸು, ಮೈಮೇಲೆ ಅದೇ ಬಟ್ಟೆಯ ಜಾಕೆಟ್ಟು. ಜಾಕೆಟ್ಟಿನ ಬೆನ್ನಿಗೆ ಇಳಕಲ್ ಸೀರೆಯ ಸೆರಗು, ತೋಳಿನಂಚಿಗೆ ಲಂಬಾಣಿ ಕನ್ನಡಿ, ಕಾಲರಿಗೆ ಗುಳೇದಗುಡ್ಡದ ಖಣ, ಎಡ ಜೇಬಿನ ಮೇಲೆ ಕಸೂತಿಯ ನವಿಲು. ಹಿಂದಿನಿಂದ ನೋಡಿದರೆ ಬಾಗಲಕೋಟೆ ಜಿಲ್ಲೆ, ಪಕ್ಕದಿಂದ ಸಂಡೂರು, ಎದುರಿಗೆ ಬಂದರೆ ಧಾರವಾಡ. ಪಾದದ ಹತ್ತಿರ ಮೆತ್ತಿರುವ ಕೆಂಪು ಧೂಳು ಮಾತ್ರ ಅತ್ತಿಬೆಲೆಯದು. ಅದರ ಅಸಲಿತನದ ಬಗ್ಗೆ ಯಾರಿಗೂ ಅನುಮಾನವಿಲ್ಲ.

ಇವರನ್ನು ಲಿಫ್ಟಿನಲ್ಲಿ ಕಂಡಾಗ ಬಟ್ಟೆಯ ಕಡೆ ನೋಡಬಾರದು. ನೋಡಿದರೆ ಮುಗಿಯಿತು. “ಇದಕ್ಕೊಂದು ಸ್ಟೋರಿ ಇದೆ” ಎಂದು ಶುರುವಾಗುತ್ತದೆ. ನಮ್ಮದು ನಾಲ್ಕೇ ಮಹಡಿಯ ಕಟ್ಟಡ, ಸ್ಟೋರಿ ಹನ್ನೆರಡು ಮಹಡಿಯದು. ಹಾಗಾಗಿ ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಇಟ್ಟು ಉಳಿದದ್ದನ್ನು ಹೇಳುತ್ತಾರೆ. ಬಾಗಿಲು ಕೀಂಯ್ ಅನ್ನುತ್ತಿರುತ್ತದೆ, ಕೆಳಗೆ ಹಾಲಿನವನು ಗುಂಡಿ ಒತ್ತುತ್ತಲೇ ಇರುತ್ತಾನೆ, ಮೇಡಂ ಸ್ಲೋ ಫ್ಯಾಷನ್ ಬಗ್ಗೆ ನಿಧಾನವಾಗಿ ವಿವರಿಸುತ್ತಿರುತ್ತಾರೆ. 2023ರ ಬಜೆಟ್ ದಿನ ನಿರ್ಮಲಾ ಸೀತಾರಾಮನ್ ಧಾರವಾಡದ ಕಸೂತಿಯ ಸೀರೆ ಉಟ್ಟು ಬಂದರಲ್ಲ, ಅಂದು ದೇಶದ ಜನವೆಲ್ಲ ಆದಾಯ ತೆರಿಗೆಯ ಮಿತಿ ಎಷ್ಟಾಯಿತು ಎಂದು ಟಿವಿ ನೋಡುತ್ತಿದ್ದರೆ ನಮ್ಮ ಮೇಡಂ ಅಂಚು ನೋಡುತ್ತಿದ್ದರು. ಆಮೇಲೆ ಗಂಡ ತೆರಿಗೆ ಎಷ್ಟು ಉಳಿಯಿತು ಎಂದು ಕೇಳಿದ್ದಕ್ಕೆ “ಗೋಪುರ ತುಂಬಾ ನೀಟಾಗಿ ಬಂದಿದೆ” ಎಂದರಂತೆ.

ಆಫೀಸಿನಲ್ಲಿ ಇವರಿಗೆ ಶುಕ್ರವಾರವೇ ದೊಡ್ಡ ಹಬ್ಬ. ಎಥ್ನಿಕ್ ಡೇ ಎಂದರೂ ಇದೇ ಜಾಕೆಟ್ಟು, ಕ್ಯಾಶುವಲ್ ಡೇ ಎಂದರೂ ಇದೇ ಜಾಕೆಟ್ಟು. ಎರಡು ಲೆಕ್ಕಕ್ಕೂ ಒಂದೇ ರಸೀದಿ. ಗೇಟಿನ ಮೆಟಲ್ ಡಿಟೆಕ್ಟರು ತೋಳಿನ ಹಳೇ ನಾಣ್ಯಗಳಿಗೆ ಕೂಗಿಕೊಳ್ಳುತ್ತದೆ. ಮೀಟಿಂಗಿನಲ್ಲಿ ಅವರು ಕೈ ಆಡಿಸಿ ಮಾತಾಡಿದರೆ ಕವಡೆಗಳು ಮೇಜಿಗೆ ಬಡಿದು, ಆ ತುದಿಯಲ್ಲಿ ಅಮೆರಿಕದವರು ಯಾರೋ ಪಗಡೆಯಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಮೇಡಂ ಸ್ಕೂಟರಿನಲ್ಲಿ ಹಿಂದೆ ಕೂತು ಹೋದ ದಿನ ಗಂಡನ ಶರ್ಟಿನ ಬೆನ್ನಿನಲ್ಲಿ ಕನ್ನಡಿಯಂಚು ಗೀಚಿದ ಗುರುತು. ಆತ ಒಳ್ಳೆಯವನು, ಗೀಚಿಸಿಕೊಳ್ಳುತ್ತಾನೆ.

ನಿಜವಾದ ಗಾಬರಿ ಇರುವುದು ನೆಂಟರ ಮನೆಗಳಲ್ಲಿ. ಇವರು ಬರುತ್ತಾರೆಂದು ಗೊತ್ತಾದ ತಕ್ಷಣ ಟ್ರಂಕಿಗೆ ಬೀಗ ಬೀಳುತ್ತದೆ. ಹಿಂದೆ ನೆಂಟರು ಬಂದರೆ ಬೆಳ್ಳಿ ಲೋಟ ಒಳಗಿಡುತ್ತಿದ್ದರು, ಈಗ ಅಜ್ಜಿಯ ಸೀರೆ ಒಳಗಿಡುತ್ತಾರೆ. “ಅಜ್ಜಿ, ಇದನ್ನು ನೀವು ಉಡಲ್ವಲ್ಲಾ?” ಎಂಬ ಪ್ರಶ್ನೆಯಲ್ಲಿರುವ ಅಪಾಯ ಅನುಭವಿಸಿದವರಿಗೇ ಗೊತ್ತು. ಉಡುವುದಿಲ್ಲ ಎಂದರೆ ಜಾಕೆಟ್ಟಾಗುತ್ತದೆ, ಉಡುತ್ತೇನೆ ಎಂದರೆ “ಹಾಗಾದ್ರೆ ಸೆರಗು ಮಾತ್ರ” ಎಂಬ ಚೌಕಾಸಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಹತ್ತಿಯದಾದರೆ ಸೆರಗಿನ ಹಾಸು ರೇಷ್ಮೆಯದು. ನೇಕಾರರ ಮನೆಯವರು ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸಿದ ಮೇಲೆಯೇ ಮಗ್ಗ ಮುಂದಕ್ಕೆ ನಡೆಯುವುದು. ಸಾವಿರಾರು ಎಳೆಯ ಆ ಕೊಂಡಿಯ ಗೆರೆಯ ಮೇಲೇ ಕತ್ತರಿ ಇಡಬೇಕು, ಅಲ್ಲಿ ನೇರವಾಗಿ ಬರುತ್ತದೆ ಎಂಬುದು ಮೇಡಂ ಕಂಡುಕೊಂಡ ತಂತ್ರ. ಇಳಕಲ್ಲಿನವರು ಯಾರೂ ಈ ಮಾತು ಓದದಿರಲಿ.

ಕತ್ತರಿ ಹಿಡಿಯುವ ಕೈ ಮಾತ್ರ ಅತ್ತಿಬೆಲೆ ಪೇಟೆಯ ಟೈಲರ್ ಅಣ್ಣನದು. ಈತ ಬೊಮ್ಮಸಂದ್ರದ ಕಡೆ ಗಾರ್ಮೆಂಟ್ಸಿನಲ್ಲಿ ವರ್ಷಗಟ್ಟಲೆ ಆಪರೇಟರ್ ಆಗಿದ್ದವನು. ಲೈನಿನಲ್ಲಿ ಇವನ ಪಾಲಿಗೆ ಬಂದಿದ್ದು ಜೀನ್ಸಿನ ಹಿಂದಿನ ಬಲ ಜೇಬು, ಅಷ್ಟೇ. ಎಡ ಜೇಬು ಬೇರೆಯವನದು. ಹೊರದೇಶದ ಎಷ್ಟೋ ಜನ ತನ್ನ ಕೆಲಸದ ಮೇಲೆ ಕೂತಿದ್ದಾರೆಂಬ ಹೆಮ್ಮೆ ಅವನಿಗಿದೆ. ಮೇಡಂ ಅಂಗಡಿಗೆ ಬಂದರೆ ಅವನು ಮೊದಲು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಾನೆ.

“ಮೇಡಂ, ಇದು ಸ್ಟ್ರೆಚ್ಚು. ಇದರ ಮೇಲೆ ಸೀರೆ ಕೂರಿಸಿದ್ರೆ ನೀವು ಕೂತಾಗ ಪ್ಯಾಂಟು ಹಿಗ್ಗುತ್ತೆ, ಸೀರೆ ಹಿಗ್ಗಲ್ಲ. ದಾರ ಪಟಪಟ ಅಂತ ಹೋಗುತ್ತೆ.”

“ಅಣ್ಣ, ಅದು ಒಂದು ಡೈಲಾಗ್. ಎರಡು ಬಟ್ಟೆಗಳ ನಡುವಿನ ಡೈಲಾಗ್.”

“ಡೈಲಾಗ್ ಆಗಲ್ಲ ಮೇಡಂ, ಜಗಳ ಆಗುತ್ತೆ.”

ಅವನ ಇನ್ನೊಂದು ದುಃಖ ಬಣ್ಣದ್ದು. ಜೀನ್ಸಿನ ನೀಲಿ ಹಾಸಿನ ದಾರಕ್ಕಷ್ಟೇ ಹತ್ತಿರುತ್ತದೆ, ಅದೂ ಮೇಲಿನ ಸಿಪ್ಪೆಗೆ. ಒಗೆದಷ್ಟೂ ಬಿಡುತ್ತದೆ, ಬಿಡುವುದೇ ಅದರ ಚೆಂದ. ಪಕ್ಕದಲ್ಲಿ ಬಿಳಿ ಕಸೂತಿ ಇದ್ದರೆ ಅದೂ ನೀಲಿ. ಇಳಕಲ್ಲಿನ ಹಳೇ ಕೆಂಪು ತಾನೇನು ಕಡಿಮೆ ಎಂದು ತನ್ನ ಪಾಲನ್ನೂ ಬಿಟ್ಟರೆ ಇಡೀ ಜಾಕೆಟ್ಟು ನೇರಳೆ. ಮೇಡಂ ಅದಕ್ಕೂ ಸಿದ್ಧ: “ಅದು ಏಜಿಂಗ್.” 1873ರಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ, ಲೆವಿ ಸ್ಟ್ರಾಸ್ ಎಂಬ ಜವಳಿ ವ್ಯಾಪಾರಿಯ ಜೊತೆ ಸೇರಿ ಪ್ಯಾಂಟಿನ ಜೇಬಿನ ಮೂಲೆಗೆ ತಾಮ್ರದ ರಿವೆಟ್ ಬಡಿಯುವ ಪೇಟೆಂಟ್ ಪಡೆದದ್ದು ಕೂಲಿಕಾರರ ಪ್ಯಾಂಟು ಹರಿಯದಿರಲಿ ಎಂದು. ನಮ್ಮ ಟೈಲರ್ ಅಣ್ಣನ ಅಂಗಡಿಯಲ್ಲಿ ಚಕ್ರ ಪೂರ್ತಿ ತಿರುಗಿದೆ. “ಮೊದಲು ಹರಿದಿದ್ದನ್ನ ಹೊಲಿಸೋಕೆ ಬರೋರು, ಈಗ ಚೆನ್ನಾಗಿರೋದನ್ನ ಹರಿಸೋಕೆ ಬರ್ತಾರೆ. ಹರಿಯೋಕೆ ರೇಟು ಜಾಸ್ತಿ ಇಟ್ಟಿದ್ದೀನಿ ಸಾರ್, ಮನಸ್ಸಿಗೆ ನೋವಾಗುತ್ತಲ್ಲ.”

ಇಷ್ಟು ದಿನ ಮೇಡಂ ಆಳ್ವಿಕೆಗೆ ಎದುರಾಳಿಗಳಿರಲಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಧಾರವಾಡದಿಂದ ಅತ್ತೆ ಬಂದಿಳಿದ ಮೇಲೆ ಪರಿಸ್ಥಿತಿ ಬದಲಾಯಿತು.

ಸೊಸೆ ಸಂಭ್ರಮದಿಂದ ಜಾಕೆಟ್ಟು ಮುಂದಿಟ್ಟಳು. ಅತ್ತೆಯವರು ಅದರ ಮುಖ ನೋಡಲೇ ಇಲ್ಲ. ಎತ್ತಿಕೊಂಡರು, ತಿರುವಿದರು, ಕನ್ನಡಕ ಹಣೆಗೇರಿಸಿ ನವಿಲಿನ ಬೆನ್ನು ನೋಡಿದರು. ಒಳಗೆ ನೋಡಿದರೆ ನವಿಲೂ ಇಲ್ಲ, ಗರಿಯೂ ಇಲ್ಲ. ದಾರದ ಸಿಕ್ಕು, ಅದರ ಮೇಲೆ ಅಂಟಿಸಿದ ಬಿಳಿ ಕಾಗದದಂಥ ಬಟ್ಟೆ.

“ಮಿಷಿನ್ನಿಂದ,” ಎಂದರು ಅತ್ತೆ. ಕೋರ್ಟಿನಲ್ಲಿ ತೀರ್ಪು ಓದುವವರೂ ಅಷ್ಟು ಚಿಕ್ಕದಾಗಿ ಓದುವುದಿಲ್ಲ.

“ಅತ್ತೆ, ಹ್ಯಾಂಡ್‌ಮೇಡ್ ಅಂತ ಬರೆದಿತ್ತು!”

“ಬರದಿರ್ತಾರ. ಅದನ್ನೂ ಮಿಷಿನ್ನಿಂದನ ಬರದಿರ್ತಾರ. ಕಸೂತಿ ಅಂದ್ರ ಮೊದಲ ಹಿಂದ ನೋಡಬೇಕವಾ. ಗಂಟು ಹಾಕೂಹಂಗಿಲ್ಲ, ಪೆನ್ಸಿಲ್ಲಿಲೆ ಗೆರಿ ಬರಿಯೂಹಂಗಿಲ್ಲ. ಎಳಿ ಎಣಿಸಿಕೋತ ಹೋಗಬೇಕು, ಬಿಟ್ಟಲ್ಲೆ ತುಂಬಿಕೋತ ಹೊಳ್ಳಿ ಬರಬೇಕು. ಗವಂತಿ ಹೊಲಿಗಿ ಹಾಕಿದ್ರ ಮುಂದ ಹೆಂಗೋ ಹಿಂದೂ ಹಂಗ. ಮುರಗಿನೂ ಅಷ್ಟ. ಮೆಂತಿದ ಮಾತ ಬ್ಯಾರೆ.”

ಅಂದಿನಿಂದ ಮೇಡಂ ಮನೆಯ ಸೋಫಾ ಅತ್ತೆಯವರ ಕಾರ್ಯಾಗಾರ. ಮೊದಲ ದಿನವೇ ಜೀನ್ಸು ಅವರಿಗೆ ಎದುರು ಬಿತ್ತು. ಸಾದಾ ನೇಯ್ಗೆಯಾದರೆ ಹಾಸು ಹೊಕ್ಕು ಒಂದರ ಮೇಲೊಂದು ಸರಿಯಾಗಿ ಕಾಣುತ್ತವೆ, ಎಣಿಸಬಹುದು. ಜೀನ್ಸಿನದು ಓರೆ ನೇಯ್ಗೆ. ಎಳೆ ಎಣಿಸಿದರೆ ಗೆರೆ ಓರೆಗೆ ಜಾರುತ್ತದೆ. ಗೋಪುರ ಹಾಕಲು ಹೋದರೆ ಪೀಸಾದ ಗೋಪುರವಾಗುತ್ತದೆ. ಅತ್ತೆ ಜೀನ್ಸಿಗೆ ಧಾರವಾಡದ ಶೈಲಿಯಲ್ಲಿ ಎರಡು ಮಾತು ಬೈದು, ಮಗನನ್ನು ಪೇಟೆಗೆ ಓಡಿಸಿ ಮ್ಯಾಟಿ ಬಟ್ಟೆ ತರಿಸಿದರು. ಅದನ್ನು ಜೀನ್ಸಿನ ಮೇಲೆ ಹಾಸಿ, ಅದರ ಕಣ್ಣು ಎಣಿಸಿ ಕಸೂತಿ ಹಾಕಿ, ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಕಿತ್ತು ತೆಗೆದರು. ಸೂಜಿ ಮುರಿದವು, ಬೆರಳು ಚುಚ್ಚಿತು. ಆದರೆ ಗೆರೆ ನೆಟ್ಟಗೆ ಬಂತು.

ಮುಂದಿನ ತಕರಾರು ಇನ್ನೂ ಗಂಭೀರ. ಸೊಸೆಗೆ ಪ್ಯಾಂಟಿನ ಹಿಂದಿನ ಜೇಬಿನ ಮೇಲೆ ತುಳಸಿಕಟ್ಟೆ ಬೇಕಿತ್ತು.

“ತುಳಸಿಕಟ್ಟಿ ಮ್ಯಾಲ ಕೂಡತೀ ಏನು?”

ಸೊಸೆಯ ಬಳಿ ಉತ್ತರವಿರಲಿಲ್ಲ. ಹಾಗಾದರೆ ಆನೆ ಅಂಬಾರಿ? ಅಂಬಾರಿಯ ಮೇಲೆ ನಾವು ಕೂರುವುದುಂಟು, ಆದರೆ ಹೀಗಲ್ಲ. ಗೋಪುರ, ತೇರು, ಕಮಲ, ಶಂಖ ಎಲ್ಲವೂ ಒಂದೊಂದಾಗಿ ಹಿಂದಿನ ಜೇಬಿನಿಂದ ಅನರ್ಹಗೊಂಡವು. ಮೊಣಕಾಲ ಕೆಳಗೆ ಹಾಕೋಣವೆಂದರೆ ಕಾಲಿಗೆ ತಾಗುತ್ತದೆ. ಮೂರು ದಿನದ ಮಾತುಕತೆಯ ನಂತರ ಪ್ಯಾಂಟಿನ ಗಡಿ ನಿಗದಿಯಾಯಿತು; ಇಲ್ಲಿಂದ ಅರ್ಧ ಫರ್ಲಾಂಗಿನಲ್ಲಿರುವ ಎರಡು ರಾಜ್ಯಗಳ ಗಡಿಯೂ ಇಷ್ಟು ಸೂಕ್ಷ್ಮವಾಗಿ ನಿಗದಿಯಾಗಿರಲಾರದು. ದೇವರಿಗೆ ಸಂಬಂಧಪಟ್ಟದ್ದೆಲ್ಲ ಸೊಂಟದ ಮೇಲೆ, ಎಂದರೆ ಜಾಕೆಟ್ಟಿಗೆ. ಗಿಳಿ, ಅಳಿಲು, ಜಿಂಕೆ ಮೊಣಕಾಲಿನ ತನಕ ಇಳಿಯಬಹುದು. ಹಿಂದಿನ ಜೇಬಿಗೆ ಬರೀ ಚೌಕ. ನಂದಿಯ ವಿಷಯ ಸ್ವಲ್ಪ ದಿನ ಇತ್ಯರ್ಥವಾಗದೆ ಉಳಿದು, ಕೊನೆಗೆ ಭುಜಕ್ಕೆ ಬಡ್ತಿ ಪಡೆಯಿತು.

ಟೈಲರ್ ಅಣ್ಣನಿಗೆ ಈ ಸುದ್ದಿ ತಲುಪಿದಾಗ ಅವನ ಮುಖ ಸ್ವಲ್ಪ ಸಪ್ಪಗಾಯಿತು. ಇಷ್ಟು ವರ್ಷ ಅವನು ಹೊಲಿದದ್ದು ಆ ಜೇಬನ್ನೇ ತಾನೆ.

ಮೇಡಂ ಬಗ್ಗೆ ನಕ್ಕಷ್ಟೇ ಸುಲಭವಾಗಿ ಅವರ ತೋಳಿನ ಕನ್ನಡಿಗಳ ಬಗ್ಗೆ ನಗಲು ಆಗುವುದಿಲ್ಲ. ಆ ಪಟ್ಟಿ ಮಾತ್ರ ಅಸಲಿ, ಸಂಡೂರಿನಿಂದ ತರಿಸಿದ್ದು. ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಂಗಸರೇ 2023ರಲ್ಲಿ ಹಂಪಿಯ ಜಿ20 ಸಭೆಯ ವೇಳೆ 1755 ಕಸೂತಿ ತುಂಡುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದ್ದು. ಸಂಡೂರಿನದೇ ಜಿಲ್ಲೆಯ ಬಳ್ಳಾರಿ ಊರಿನಲ್ಲಿ ಮನೆಮನೆಯಲ್ಲಿ ಜೀನ್ಸು ಹೊಲಿಯುತ್ತಾರೆ. ಹಿಂದೆ ಬ್ರಿಟಿಷ್ ದಂಡಿಗೆ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಊರದು. ಕನ್ನಡಿಯೂ ಜೀನ್ಸೂ ಒಂದೇ ಜಿಲ್ಲೆಯಲ್ಲಿ ಹುಟ್ಟಿ ಒಂದನ್ನೊಂದು ಭೇಟಿಯಾಗಲು ಮುನ್ನೂರು ಕಿಲೋಮೀಟರು ದಾಟಿ ಅತ್ತಿಬೆಲೆಗೆ ಬರಬೇಕಾಯಿತು. ಈ ಪುಣ್ಯ ಮೇಡಂ ಲೆಕ್ಕಕ್ಕೆ ಹೋಗಬೇಕು.

ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದೆ. ಕಲಬುರಗಿ ಕಡೆಯ ತಾಂಡಾದಿಂದ ಬಂದ ಹೆಂಗಸೊಬ್ಬಳು ಇಟ್ಟಿಗೆ ಹೊರುತ್ತಾಳೆ. ಒಂದು ಸಂಜೆ ಮೇಡಂ ತೋಳು ಅವಳ ಕಣ್ಣಿಗೆ ಬಿತ್ತು.

“ಅಕ್ಕೋರೆ, ಇದು ನಮ್ಮವ್ವನ ಕಾಂಚಳಿ ಇದ್ದಂಗ ಐತಲ್ರಿ. ಎಷ್ಟು ಕೊಟ್ರಿ?”

ಮೇಡಂ ಹೇಳಿದರು. ಆಕೆ ಬುಟ್ಟಿ ಕೆಳಗಿಟ್ಟಳು.

“ನಮ್ಮವ್ವ ಸತ್ತ ಮ್ಯಾಲ ಅದನ್ನ ಸ್ಟೀಲ್ ಸಾಮಾನಿನವಗ ಕೊಟ್ಟು ಒಂದ ಡಬರಿ ತಗೊಂಡಿನ್ರಿ.”

“ಅಯ್ಯೋ! ಆ ಸ್ಟೀಲ್ ಪಾತ್ರೆಯವನ ನಂಬರ್ ಇದೆಯಾ?”

ನಂಬರ್ ಇರಲಿಲ್ಲ. ಡಬರಿಯೂ ಸೋರುತ್ತಿದೆಯಂತೆ. ಮೇಡಂ ಅಷ್ಟರಲ್ಲಿ ಅವಳ ಉಡುಪು ಗಮನಿಸಿದರು: ಹೂವಿನ ಸೀರೆ, ಅದರ ಮೇಲೆ ಗಂಡಸರ ತುಂಬುತೋಳಿನ ಚೆಕ್ಸ್ ಶರ್ಟು, ತಲೆಗೆ ಟವೆಲ್ಲು. ಕಣ್ಣರಳಿಸಿ ಕೇಳಿದರು, “ಈ ಕಾಂಬಿನೇಶನ್ ಯಾರ ಐಡಿಯಾ?”

“ಬಿಸಿಲಿಂದ್ರಿ,” ಎಂದು ಆಕೆ ಬುಟ್ಟಿ ಎತ್ತಿಕೊಂಡಳು.

ಮುಂದಿನ ಶುಕ್ರವಾರವೇ ಮೇಡಂ ಸೀರೆಯ ಮೇಲೆ ಗಂಡನ ಶರ್ಟು ತೊಟ್ಟು ಆಫೀಸಿಗೆ ಹೋದರೆಂದು ಬೇರೆ ಹೇಳಬೇಕಾಗಿಲ್ಲ. ಆತ ಅದನ್ನೂ ಕೊಟ್ಟ.

ಅತ್ತೆ ಎಂಟು ದಿನಕ್ಕೆಂದು ಬಂದವರು ಊರಿಗೆ ಹೋಗುವ ಮಾತೆತ್ತಲಿಲ್ಲ. ಕ್ಲಬ್ ಹೌಸಿನಲ್ಲಿ ಶನಿವಾರ ಸಂಜೆ ಪಾಠ ಶುರುವಾಯಿತು. ಮಹಡಿ ಮಹಡಿಯ ಹೆಂಗಸರು ಮನೆಯಲ್ಲಿ ಸಿಕ್ಕ ಜೀನ್ಸು ಹಿಡಿದು ಬರತೊಡಗಿದ ಮೇಲೆ ನಾವು ಗಂಡಸರು ರಾತ್ರಿ ಪ್ಯಾಂಟು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದೇವೆ. ನಮ್ಮ ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಮೊಣಕಾಲಿಗೆ ಗಿಳಿ ಇಟ್ಟುಕೊಂಡು ವಾಕಿಂಗ್ ಹೋಗುವುದನ್ನು ಈಗ ಯಾರೂ ತಿರುಗಿ ನೋಡುವುದಿಲ್ಲ.

ಕೊನೆಗೂ ಜಾಕೆಟ್ಟು ಮುಗಿಯಿತು. ಮಿಷಿನ್ನಿನ ನವಿಲು ಹೋಗಿ ಎಡ ಜೇಬಿನ ತುಂಬ ಅತ್ತೆಯ ಕೈಯ ಗೋಪುರ, ಪೂರ್ತಿ ಗವಂತಿ. ಒಳಗೆ ಬೆರಳಾಡಿಸಿದರೂ ಗಂಟು ಸಿಗುವುದಿಲ್ಲ. ಆ ಶುಕ್ರವಾರ ಮೇಡಂ ಕ್ಯಾಬಿನ ಕಡೆ ನಡೆಯುತ್ತಿದ್ದಾಗ ಕಾಲರಿನ ಹಿಂದೆ ಸೈಜಿನ ಚೀಟಿ ಜೋತಾಡುತ್ತಿತ್ತು, ಬದಿಯಲ್ಲಿ ಹೊಲಿಗೆಯ ಎಳೆಗಳೆಲ್ಲ ಹೊರಗೆ. ಬಾಲ್ಕನಿಯಲ್ಲಿದ್ದ ಅತ್ತೆ ಬಗ್ಗಿ ಕೂಗಿದರು:

“ಏ ಹುಡುಗಿ, ಉಲ್ಟಾ ಹಾಕ್ಕೊಂಡ ಹೊಂಟೀಯಲ್ಲ!”

ಮೇಡಂ ಇಡೀ ಬ್ಲಾಕಿಗೆ ಕಾಣುವಂತೆ ಒಂದು ಸುತ್ತು ತಿರುಗಿ ನಿಂತರು. “ಅತ್ತೆ, ನೀವೇ ತಾನೆ ಹೇಳಿದ್ದು, ಮುಂದೆ ಹೇಗೋ ಹಿಂದೂ ಹಾಗೇ ಅಂತ! ಯಾವುದು ಉಲ್ಟಾ, ಯಾವುದು ಸೀದಾ, ಹೇಳಿ ನೋಡೋಣ!”

ಅತ್ತೆ ಒಂದು ಗಳಿಗೆ ಯೋಚಿಸಿದರು. ಕ್ಯಾಬಿನವನು ಹಾರ್ನ್ ಹೊಡೆದ.

“ಗುಂಡಿ ಇದ್ದದ್ದು ಸೀದಾವಾ,” ಎಂದರು. “ಮೊದಲ ಗುಂಡಿ ಹಾಕ್ಕೋ, ಥಂಡಿ ಅದ.”