ಬಂದ್ ಮಾಡೋದು ಎಲ್ಲೈತಿ?

“ನಿಮ್ಮಕ್ಕನ ಮಗ ಲ್ಯಾಪ್‌ಟಾಪ್‌ದಾಗ ಕಬ್ಬು ಹಚ್ಯಾನಂತ, ಖರೇನ?”

ತಂತಿಬೇಲಿಯ ಆಚೆಯಿಂದ ಕಾಕಾನ ಪ್ರಶ್ನೆ. ಸಾರವಾಡದಲ್ಲಿ ಸುದ್ದಿ ಹರಿಯಲು ಮೋಟಾರ್ ಬೇಕಿಲ್ಲ.

“ಹೌದ್ರಿ ಕಾಕಾ. ಮೈನ್‌ಕ್ರಾಫ್ಟ್ ಅಂತ ಆಟ.”

“ಎಷ್ಟ್ ಎಕರೆ?”

ಕಾಕಾನದು ದ್ರಾಕ್ಷಿ ತೋಟ. ಕಬ್ಬೆಂದರೆ ಅವರಿಗೆ ಹಳೇ ಸಿಟ್ಟು, ಆದರೆ ಇನ್ನೊಬ್ಬರ ಕಬ್ಬಿನ ಸುದ್ದಿ ಕೇಳುವ ಹುಮ್ಮಸ್ಸು ಮಾತ್ರ ಕಡಿಮೆಯಾಗಿಲ್ಲ. ಸ್ವೀಡನ್ನಿನ ಮೊಜಾಂಗ್ ಎಂಬ ಕಂಪನಿ 2011ರಲ್ಲಿ ಪೂರ್ತಿ ತಯಾರು ಮಾಡಿ ಬಿಟ್ಟ ಆಟ ಅದು, ಮೂರೇ ವರ್ಷಕ್ಕೆ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡಿತು ಎಂದೆ. ಡಾಲರ್ ಅವರ ಕಿವಿಗೆ ಬೀಳಲಿಲ್ಲ. “ನೀರೆಲ್ಲಿಂದ ತರ್ತಾನ?” ಅಂದರು.

ಸೂಟಿಗೆ ಬಂದ ಹುಡುಗ ಕಟ್ಟೆಯ ಮೇಲೇ ಕೂತಿದ್ದ. ಕರೆದ ಕೂಡಲೇ ಲ್ಯಾಪ್‌ಟಾಪ್ ಹಿಡಿದು ಬೇಲಿಗೆ ಬಂದ. ಆ ಲೋಕದಲ್ಲಿ ಮಣ್ಣು, ನೀರು, ಕಲ್ಲು ಎಲ್ಲವೂ ಚೌಕ ಬ್ಲಾಕು. ನೀರಿಗೆ ಅಂಟಿದ ಬ್ಲಾಕಿನಲ್ಲೇ ಕಬ್ಬು ನಿಲ್ಲುತ್ತದೆ, ಮೂರು ಬ್ಲಾಕ್ ಎತ್ತರಕ್ಕಿಂತ ಮೇಲೇಳುವುದಿಲ್ಲ. ಮೂರನೇ ಗಣ್ಣು ಬಂದದ್ದನ್ನು ಅಬ್ಸರ್ವರ್ ಎಂಬ ಬ್ಲಾಕ್ ನೋಡುತ್ತದೆ, ರೆಡ್‌ಸ್ಟೋನ್ ಪುಡಿಯ ಗೆರೆಯ ಮೇಲೆ ಪಿಸ್ಟನ್ನಿಗೆ ಹೇಳಿ ಕಳಿಸುತ್ತದೆ. ಪಿಸ್ಟನ್ ಎರಡನೇ ಗಣ್ಣಿಗೆ ಗುದ್ದುತ್ತದೆ. ಬಿದ್ದ ಕಬ್ಬು ಕೆಳಗಿನ ನೀರಿನಲ್ಲಿ ತೇಲಿ, ಹಾಪರ್ ಎಂಬ ಲಾಳಿಕೆಗೆ ಇಳಿದು, ಪೆಟ್ಟಿಗೆ ಸೇರುತ್ತದೆ. ಬುಡದ ಗಣ್ಣು ಹಾಗೇ ಉಳಿದು ಮತ್ತೆ ಚಿಗುರುತ್ತದೆ.

“ಕೂಳೆ ಕಬ್ಬು ಅನ್ನು!” ಕಾಕಾನಿಗೆ ಖುಷಿಯೋ ಖುಷಿ. “ಕಟಾವಿನ ಗ್ಯಾಂಗಿಗೆ ಅಡ್ವಾನ್ಸ್ ಇಲ್ಲ, ಬಿಲ್ಲಿಗೆ ವರ್ಷ ಕಾಯೂದಿಲ್ಲ. ಪೆಟಗಿ ತುಂಬಿದ ಮ್ಯಾಲ?”

ಹುಡುಗ ತಲೆ ಕೆರೆದುಕೊಂಡ. ಜೋಡಿ ಪೆಟ್ಟಿಗೆಗೆ 54 ಖಾನೆ, ಖಾನೆಗೆ 64ರಂತೆ 3,456 ಕಬ್ಬು. ಅದೂ ತುಂಬಿದರೆ ಮಾಲು ನೀರಿನಲ್ಲೇ ತೇಲಿಕೊಂಡಿದ್ದು ಐದು ನಿಮಿಷಕ್ಕೆ ಮಾಯ. ಫಾರ್ಮ್ ಮಾತ್ರ ಕಡಿಯುತ್ತಲೇ ಇರುತ್ತದೆ.

ಹೆಚ್ಚಾದದ್ದು ಎಲ್ಲಿ ಹೋಗಬೇಕು ಎಂದು ಮೊದಲೇ ಯೋಚಿಸುವ ಬುದ್ಧಿ ನಮ್ಮ ಜಿಲ್ಲೆಗೆ ಹೊಸದಲ್ಲ. ಆದಿಲ್‌ಶಾಹಿಯವರು 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ ಮಣ್ಣಿನ ಕೊಳವೆಯಲ್ಲಿ ವಿಜಯಪುರಕ್ಕೆ ನೀರು ತಂದರು. ಒತ್ತಡಕ್ಕೆ ಕೊಳವೆ ಒಡೆಯಬಾರದು, ಹೂಳು ಕಟ್ಟಬಾರದು ಎಂದು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು. ನೀರು ಅದರಲ್ಲಿ ಏರಿ, ಸೊಕ್ಕು ಇಳಿಸಿಕೊಂಡು ಮುಂದೆ ಹೋಗುತ್ತಿತ್ತು. ಗೋಳಗುಮ್ಮಟದಲ್ಲಿ ಕೂಗಿ ಬರುವ ನಾವು ಆ ಗಂಜ್‌ಗಳತ್ತ ತಿರುಗಿಯೂ ನೋಡುವುದಿಲ್ಲ. ನನ್ನ ಕೇಳಿದರೆ, ಗುಮ್ಮಟದಷ್ಟೇ ತಲೆ ಇದಕ್ಕೂ ಓಡಿದೆ.

ಹುಡುಗನ ಕಬ್ಬು ಸಣ್ಣ ಮಾತು. ಅವನ ನಿಜವಾದ ಹೆಮ್ಮೆ ಕಬ್ಬಿಣದ ಫಾರ್ಮ್. ಒಂದು ಜೊಂಬಿಯನ್ನು, ಅಂದರೆ ನಡೆದಾಡುವ ಹೆಣವನ್ನು, ಪಂಜರದಲ್ಲಿಟ್ಟು ಊರವರಿಗೆ ತೋರಿಸಬೇಕು. ಅವರು ಹೆದರಿದಾಗ ಕಾವಲಿಗೆ ಕಬ್ಬಿಣದ ದೈತ್ಯ ಹುಟ್ಟುತ್ತಾನೆ. ಅವನನ್ನು ಲಾವಾಕ್ಕೆ ತಳ್ಳಿದರೆ ಕಬ್ಬಿಣ ಕೈಗೆ.

“ಕಾಯಾಕ ಬಂದಾವನ್ನ ಕೊಲ್ಲೂದು?” ಕಾಕಾ ಮುಖ ಸಿಂಡರಿಸಿದರು. ನನಗೂ ಅದು ಸೇರಲಿಲ್ಲ. ಇದರಲ್ಲಿ ಅಪಾಯ ಹೆಜ್ಜೆಗೊಂದು. ಪಂಜರ ಸಡಿಲಾದರೆ ಜೊಂಬಿ ಊರನ್ನೇ ಜೊಂಬಿ ಮಾಡುತ್ತದೆ. ಲಾವಾದ ಪಕ್ಕ ಕಟ್ಟಿಗೆ ಬಳಸಿದರೆ ಬೆಂಕಿ. ಹುಡುಗನ ಮೊದಲ ಮನೆ ಸುಟ್ಟದ್ದು ಹಾಗೇ, ಈಗ ಎಲ್ಲ ಕಲ್ಲಿನ ಕಟ್ಟಡ. ಕತ್ತಲಿದ್ದಲ್ಲಿ ದೆವ್ವಗಳು ಹುಟ್ಟುವುದರಿಂದ ಮೂಲೆಮೂಲೆಗೂ ಪಂಜು. ಸದ್ದಿಲ್ಲದೆ ಬಂದು ಸಿಡಿಯುವ ಕ್ರೀಪರ್ ಬೆಕ್ಕಿಗೆ ಹೆದರುತ್ತದಂತೆ, ಅದಕ್ಕೇ ಬಾಗಿಲಲ್ಲಿ ಎರಡು ಬೆಕ್ಕು.

ಎಲ್ಲ ಕೇಳಿ ಕಾಕಾ ಒಂದೇ ಮಾತು ಕೇಳಿದರು: “ಬಂದ್ ಮಾಡೋದು ಎಲ್ಲೈತಿ?”

ಹುಡುಗ ನನ್ನ ಮುಖ ನೋಡಿದ. ಶುರು ಮಾಡುವುದೆಲ್ಲ ಇತ್ತು, ನಿಲ್ಲಿಸುವುದು ಇರಲಿಲ್ಲ.

ಈ ಪ್ರಶ್ನೆ ಬಂದದ್ದು ಬೋರ್‌ವೆಲ್ ಪಕ್ಕದಿಂದ. ತ್ರೀ ಫೇಸ್ ಕರೆಂಟು ಹೊಲಕ್ಕೆ ದಿನಕ್ಕೆ ಏಳು ತಾಸು, ಅದೂ ಒಮ್ಮೆ ಹಗಲು, ಒಮ್ಮೆ ಸರಿರಾತ್ರಿ. ನಿದ್ದೆಗೆಟ್ಟ ರೈತ ಆಟೋ ಸ್ಟಾರ್ಟರ್ ಹಾಕಿಸಿದ. ಕರೆಂಟ್ ಬಂತೋ, ಮೋಟಾರ್ ತಾನೇ ಚಾಲೂ. ಬಾವಿ ಬತ್ತಿದ್ದರೂ ಚಾಲೂ. ಡ್ರೈ ರನ್ ತಡೆಯುವ ಸಾಧನ ಇಲ್ಲದಿದ್ದರೆ ಸುರುಳಿ ಸುಟ್ಟು ರಿವೈಂಡಿಂಗ್ ಖರ್ಚು. ಅದು ಹೋಗಲಿ. ಕರೆಂಟ್ ಇಲ್ಲ ಎಂದು ನಂಬಿ ವೈರಿಗೆ ಕೈ ಹಾಕಿದವನಿದ್ದಾಗಲೂ ಅದು ಚಾಲೂ.

“ನಾ ಏನ್ ಮಾಡ್ತೀನಿ ಗೊತ್ತೇನ್ ತಮ್ಮಾ? ಮೂರೂ ಫ್ಯೂಸ್ ಕಿತ್ತು ಕಿಸೆದಾಗ ಹಾಕ್ಕೋತೀನಿ. ಪೆಟಗಿ ಮ್ಯಾಲ ಇಟ್ರ ಯಾರರೆ ಬಂದು ಹಾಕ್ತಾರ.”

ಹುಡುಗ ಅಲ್ಲೇ ಕೂತು ಆಟ ತೆರೆದ. ಅಬ್ಸರ್ವರಿನಿಂದ ಪಿಸ್ಟನ್ನಿಗೆ ಹೋಗುವ ರೆಡ್‌ಸ್ಟೋನ್ ಗೆರೆಯಲ್ಲಿ ಒಂದು ತುಂಡು ಕಿತ್ತ. ಕಬ್ಬು ಮೂರು ಗಣ್ಣಿಗೆ ಬಂದು ಸುಮ್ಮನೆ ನಿಂತಿತು. ಹಾಪರಿಗೆ ಒಂದು ಲಿವರ್ ಹಚ್ಚಿದ, ಎಳೆದರೆ ಅದೂ ಬಂದ್. ಪೆಟ್ಟಿಗೆ ತುಂಬಿದರೆ ಹೆಚ್ಚಿನ ಮಾಲಿಗೆ ಇನ್ನೊಂದು ಪೆಟ್ಟಿಗೆ ಇಟ್ಟ. ಕಬ್ಬಿಣದ ಫಾರ್ಮ್ ಮಾತ್ರ ಬಿಡಲಿಲ್ಲ, ಅದು ಅವನ ಹಟ.

“ಮಾಲಕ ದೂರ ಹೋದ್ರ ಈ ಫಾರ್ಮ್ ತಾನೇ ನಿಲ್ತೈತಿ, ಅಜ್ಜಾ” ಎಂದು ಹುಡುಗ ಕೊನೆಗೊಂದು ಗುಟ್ಟು ಹೇಳಿದ. ಆಟಗಾರ ಹತ್ತಿರವಿದ್ದಾಗ ಮಾತ್ರ ಆ ಭಾಗದ ಲೋಕ ನಡೆಯುತ್ತದೆ.

“ನಮ್ಮ ಮೋಟಾರಿಗೆ ಆ ಬುದ್ಧಿ ಇಲ್ಲ ನೋಡು” ಅಂದರು ಕಾಕಾ.

ಅದಕ್ಕೇ ಹೇಳುವುದು, ಪಂಪ್‌ಸೆಟ್ ರಿಪೇರಿಗೆ ಹೊರಟವರು ಆಟೋ ಬಂದ್ ಮಾಡಿ, ಫ್ಯೂಸ್ ಕಿತ್ತು ಕಿಸೆಯಲ್ಲಿಟ್ಟುಕೊಂಡೇ ಹೋಗಿರಿ.