ಘಟೋತ್ಕಚನ ಬುರುಡೆ

(ದೊಡ್ಡಬಳ್ಳಾಪುರ. ಮಗ್ಗದ ಸದ್ದು ಗೋಡೆ ತೂರಿ ಬರುವ ಟೀ ಅಂಗಡಿ. ಗೌಡರ ಕೈಯಲ್ಲಿ ಮೊಬೈಲು, ಮೇಷ್ಟ್ರ ಕೈಯಲ್ಲಿ ಬೈಟು ಟೀ.)

ಗೌಡ್ರು: ಮೇಷ್ಟ್ರೇ, ಸಾಕ್ಷಿ ಸಿಕ್ತು! ಭೀಮನ ಮಗ ಘಟೋತ್ಕಚನ ಅಸ್ಥಿಪಂಜರ. ಬುರುಡೆ ನೋಡಿ, ನಮ್ಮ ಹಟ್ಟಿಗಿಂತ ದೊಡ್ಡದು.

ಮೇಷ್ಟ್ರು: ಇದೇ ಫೋಟೋ 2004ರಲ್ಲಿ ಸೌದಿ ಮರುಭೂಮಿಲಿ ಸಿಕ್ಕ ಕುರಾನಿನ ಆದ್ ಜನಾಂಗದ ದೈತ್ಯ ಅಂತ ಓಡಾಡ್ತಿತ್ತು. ಬೈಬಲ್ಲಿನ ದೈತ್ಯ ಅಂದೋರೂ ಇದಾರೆ.

ಗೌಡ್ರು: ಮೂರು ಮತದೋರೂ ಒಪ್ಪಿದ್ಮೇಲೆ ಇನ್ನೇನ್ ಬೇಕು ಸ್ವಾಮಿ?

ಮೇಷ್ಟ್ರು: 2000ದಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದೋರು ಮ್ಯಾಸ್ಟೊಡಾನ್ ಮೂಳೆ ಅಗೆದ್ರು. ಆನೆಯಂಥ ಪ್ರಾಣಿ. ಆ ಅಗೆತದ ಫೋಟೋಗೆ 2002ರಲ್ಲಿ ಯಾರೋ ಮನುಷ್ಯನ ಅಸ್ಥಿಪಂಜರ ಅಂಟಿಸಿ ಫೋಟೋ ತಿದ್ದೋ ಸ್ಪರ್ಧೆಗೆ ಕಳಿಸ್ದ. ಮೂರನೇ ಬಹುಮಾನ ಬಂತು.

ಗೌಡ್ರು: ಘಟೋತ್ಕಚನಿಗೆ ಬರೀ ಮೂರನೇದಾ? ಅನ್ಯಾಯ!

ಮೇಷ್ಟ್ರು: 2007ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನೋರೇ ಸುಳ್ಳು ಅಂತ ಬರೆದ್ರು.

ಗೌಡ್ರು: ಅವರಿಗೆ ಹೊಟ್ಟೆಕಿಚ್ಚು. ಹೋಗ್ಲಿ, ನಮ್ ಕಡೆ ಬಂಡೆ ಮೇಲಿರೋ ಪಾಂಡವರ ಗುಡಿ? ಅದೂ ಕಂಪ್ಯೂಟರಲ್ಲಿ ಅಂಟಿಸಿದ್ದಾ?

ಮೇಷ್ಟ್ರು: ಅದು ಅಪ್ಪಟ ನಿಜ. ಕಬ್ಬಿಣಯುಗದ ಕಲ್ಲುಗೋರಿ. ಅಗೆದ್ರೆ ಮೂಳೆ, ಮಡಕೆ, ಕಬ್ಬಿಣದ ಸಾಮಾನು ಸಿಗ್ತವೆ. ಆದ್ರೆ ಒಳಗೆ ಹೋಗೋಕಿರೋ ಆ ಕಲ್ಲಿನ ಕಿಂಡೀಲಿ ನೀವೇ ತೂರಲ್ಲ. ಘಟೋತ್ಕಚನ ಅಪ್ಪ ಹೆಂಗ್ ತೂರಿದ?

ಗೌಡ್ರು: (ತುಸು ಯೋಚಿಸಿ) ವನವಾಸ ಅಲ್ವಾ ಮೇಷ್ಟ್ರೇ, ಸೊರಗಿದ್ದ.

(ಮೇಷ್ಟ್ರು ಟೀ ಮುಗಿಸುವಷ್ಟರಲ್ಲಿ ಅವರ ಮೊಬೈಲೂ ಟಿಣ್ ಅಂದಿತು. ಅದೇ ಫೋಟೋ, ಗೌಡರದೇ ಫಾರ್ವರ್ಡು. ಕೆಳಗೆ ಹೊಸ ಸಾಲು: ‘ಘಟೋತ್ಕಚ ನಿಜ, ಕಾರ್ನೆಲ್ ವಿಶ್ವವಿದ್ಯಾಲಯದಿಂದ ದೃಢ. ಮಾಹಿತಿ: ನಮ್ಮ ಮೇಷ್ಟ್ರು.’)